ಚಿತ್ರ ತೂಗಿದ ಅತಿಥಿಗೃಹದ ಲೆಕ್ಕಪತ್ರ: ವೀರನಹೊಸಹಳ್ಳಿ ಆಸುಪಾಸಿನವರು ಗಮನಿಸಬೇಕಾದ ಅಂಶಗಳು

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲುಗಳಲ್ಲೊಂದು. ಈ ಭಾಗದಲ್ಲಿ ತೋಟ ಅಥವಾ ಹಿರಿಯರ ಕಾಲದ ಮನೆಯುಳ್ಳ ಅನೇಕ ವರ್ತಕರು ಅದನ್ನು ಅತಿಥಿಗೃಹವಾಗಿ ಪರಿವರ್ತಿಸುವ ಆಲೋಚನೆಯಲ್ಲಿರುತ್ತಾರೆ. ಇದುವರೆಗೆ ಇಂತಹ ಯೋಜನೆಗಳೆಲ್ಲದರ ಆಧಾರ ಒಂದೇ: ಸಫಾರಿ. ಆದರೆ 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಿಂದ ಜನರು ಪ್ರಾಣ ಕಳೆದುಕೊಂಡ ಬಳಿಕ ಸರಕಾರವು ನಾಗರಹೊಳೆ ಮತ್ತು ಬಂಡೀಪುರಗಳೆರಡರಲ್ಲೂ ಸಫಾರಿಯನ್ನು ಸ್ಥಗಿತಗೊಳಿಸಿತು. ಸರಕಾರದ ಒಂದು ಆದೇಶದಿಂದ ನಿಂತುಹೋಗಬಹುದಾದ ಆಕರ್ಷಣೆಯೊಂದನ್ನೇ ನೆಚ್ಚಿ ಬ್ಯಾಂಕ್ ಸಾಲ ಮಾಡುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಎದ್ದಿತು.

ಕಾಡಿಗಾಗಿ ಬರುವವನಲ್ಲದೆ ಮನೆಗಾಗಿಯೇ ಬರುವ ಅತಿಥಿಯೂ ಇದ್ದಾನೆ. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದಲ್ಲಿ ಹಳೆಯ ಕೈಗಾರಿಕಾ ಬಡಾವಣೆಯೊಂದರ ಕಟ್ಟಡದಲ್ಲಿ ತೆರೆಯಲಾಗಿದ್ದ ಕಲಾ ಹೋಟೆಲೊಂದರಲ್ಲಿ ಇದ್ದುದು 12 ಕೊಠಡಿಗಳು ಮಾತ್ರ. ನಗರದ ಇತಿಹಾಸದ ಒಂದೊಂದು ದಶಕಕ್ಕೆ ಒಂದೊಂದು ಕೊಠಡಿ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಚಿತ್ತರಂಜನ್ ಅರಮನೆಯು ರಾಜಕುಮಾರಿಯರಿಗಾಗಿ ಕಟ್ಟಿದ್ದು. ಮುಂದೆ ಚಲನಚಿತ್ರ ಸ್ಟುಡಿಯೋದವರ ಕೈಸೇರಿತು. 1990ರ ದಶಕದಲ್ಲಿ ಬ್ರಿಟನ್ನಿನ ಧರ್ಮಾರ್ಥ ಸಂಸ್ಥೆಯೊಂದು ಅದನ್ನು ದುರಸ್ತಿ ಮಾಡಿಸಿ, ಕೊಠಡಿಗಳನ್ನು ಕರಕುಶಲ ವಸ್ತುಗಳಿಂದ ಸಜ್ಜುಗೊಳಿಸಿ, ‘ಗ್ರೀನ್ ಹೋಟೆಲ್’ ಎಂಬ ಹೆಸರಿನಲ್ಲಿ ನಡೆಸಿತು. ಲಾಭಾಂಶವನ್ನು ಧರ್ಮಕಾರ್ಯಕ್ಕೂ ಪರಿಸರ ಕಾರ್ಯಕ್ಕೂ ವಿನಿಯೋಗಿಸುತ್ತಿತ್ತು. ದೊಡ್ಡ ಹೋಟೆಲುಗಳ ಥಳುಕಿಲ್ಲದಿದ್ದರೂ ವಿದೇಶೀಯರು ಹುಡುಕಿಕೊಂಡು ಬಂದುದು ಆ ಮನೆಯ ಸ್ವಂತಿಕೆಗಾಗಿ.

ಹುಣಸೂರು–ಪಿರಿಯಾಪಟ್ಟಣ ಸೀಮೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಗುರುಪುರ ಮತ್ತು ಬೈಲಕುಪ್ಪೆಗಳ ಟಿಬೆಟನ್ ಶಿಬಿರಗಳಲ್ಲಿ ರತ್ನಗಂಬಳಿ ಹಾಗೂ ಪಟಚಿತ್ರಗಳು, ಮೈಸೂರಿನಲ್ಲಿ ಸಾಂಪ್ರದಾಯಿಕ ಚಿತ್ರಕಲೆ, ಬೀಟೆ ಮರದ ಕೆತ್ತನೆ, ಗಂಜೀಫಾ ಎಲೆಗಳು ದೊರೆಯುತ್ತವೆ. ಇವುಗಳನ್ನು ಕೊಳ್ಳುವ, ತೂಗುಹಾಕುವ, ಮಾರುವ ಬಗೆಯಲ್ಲಿ ತೆರಿಗೆಯ ಲೆಕ್ಕವು ಬಹಳಷ್ಟು ಬದಲಾಗುತ್ತದೆ.

ಮೊದಲಿಗೆ ಕೊಠಡಿ ಬಾಡಿಗೆಯ ವಿಚಾರ. 2025ರ ಸೆಪ್ಟೆಂಬರ್ 22ರಿಂದ ದಿನವೊಂದಕ್ಕೆ ಕೊಠಡಿಯ ಬಾಡಿಗೆ ರೂ. 7,500 ಮೀರದಿದ್ದಲ್ಲಿ ಜಿ.ಎಸ್.ಟಿ. ದರ ಶೇಕಡ 5. ಅದಕ್ಕೂ ಮೊದಲು ಶೇಕಡ 12 ಇತ್ತು. ರೂ. 3,000 ಬಾಡಿಗೆಯ ಮೇಲೆ ಅತಿಥಿಯು ಕೊಡುತ್ತಿದ್ದ ರೂ. 360ರ ತೆರಿಗೆ ಈಗ ರೂ. 150ಕ್ಕೆ ಇಳಿದಿದೆ. ಆದರೆ ಈ ದರಕ್ಕೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಜಮೆ ಬೇಕೆಂದು ಶೇಕಡ 18ರ ದರವನ್ನು ಆಯ್ದುಕೊಳ್ಳುವ ಅವಕಾಶವೂ ಇಲ್ಲ. ನಾಲ್ಕು ಲಕ್ಷ ರೂಪಾಯಿಯ ಮರದ ಪೀಠೋಪಕರಣ ಕೊಂಡರೆ ಅದರ ಮೇಲಿನ ಶೇಕಡ 18ರಂತೆ ರೂ. 72,000 ನೇರವಾಗಿ ಬಂಡವಾಳ ವೆಚ್ಚವೇ ಆಗುತ್ತದೆ. ಬಿದಿರು ಅಥವಾ ಬೆತ್ತದಿಂದಲೇ ಮಾಡಿದ ಪೀಠೋಪಕರಣಕ್ಕಾದರೋ ದರ ಶೇಕಡ 5. ಚಿತ್ರಗಳು ಮತ್ತು ಮೂಲ ಶಿಲ್ಪಗಳಿಗೂ ಅದೇ ದಿನದಿಂದ ಶೇಕಡ 12ರ ಬದಲು ಶೇಕಡ 5. ಅಂದರೆ ತೆರಿಗೆಯ ದೃಷ್ಟಿಯಿಂದ ತೇಗದ ಸೋಫಾಕ್ಕಿಂತ ಬೆತ್ತದ ಕುರ್ಚಿ ಮತ್ತು ಗೋಡೆಯ ಚಿತ್ರವೇ ಅಗ್ಗ. ಮರದ ವ್ಯಾಪಾರಕ್ಕೆ ಹೆಸರಾದ ಹುಣಸೂರಿನಲ್ಲಿ ಈ ಮಾತು ಎಲ್ಲರಿಗೂ ರುಚಿಸಲಾರದು.

ನೋಂದಣಿಯ ವಿಷಯದಲ್ಲಿ ಸೇವೆಗಳಿಗೆ ವಾರ್ಷಿಕ ವಹಿವಾಟಿನ ಮಿತಿ ರೂ. 20 ಲಕ್ಷ. ನಾಲ್ಕು ಕೊಠಡಿಗಳು, ದಿನಕ್ಕೆ ರೂ. 2,500ರಂತೆ, ವರ್ಷದಲ್ಲಿ 180 ದಿನ ಭರ್ತಿಯಾದವೆಂದು ಭಾವಿಸಿದರೆ ರೂ. 18 ಲಕ್ಷವಾಗುತ್ತದೆ, ಮಿತಿಯೊಳಗೇ ಉಳಿಯಿತು. ಆದರೆ ವರ್ತಕ ಸದಸ್ಯರು ಇಲ್ಲಿಯೇ ಎಡವುವುದು ಹೆಚ್ಚು. ಮಿತಿಯನ್ನು ಲೆಕ್ಕಹಾಕುವುದು ವ್ಯವಹಾರವಾರು ಅಲ್ಲ, ಪ್ಯಾನ್‌ವಾರು. ಅಕ್ಕಿ ಗಿರಣಿಗೋ ಗೊಬ್ಬರದ ಅಂಗಡಿಗೋ ಈಗಾಗಲೇ ನೋಂದಣಿ ಪಡೆದ ವ್ಯಕ್ತಿಯು ಅದೇ ಪ್ಯಾನ್‌ನಲ್ಲಿ ಅತಿಥಿಗೃಹ ತೆರೆದರೆ ಮೊದಲ ದಿನದ ಮೊದಲ ಕೊಠಡಿಯಿಂದಲೇ ತೆರಿಗೆ ವಿಧಿಸಬೇಕಾಗುತ್ತದೆ. ಎರಡೂ ವ್ಯವಹಾರಗಳಿಗೆ ಸಾಮಾನ್ಯವಾದ ದೂರವಾಣಿ, ಲೆಕ್ಕಪರಿಶೋಧನೆ ಮುಂತಾದ ವೆಚ್ಚಗಳ ಮೇಲಿನ ಜಮೆಯಲ್ಲಿ ಕೊಠಡಿಗಳ ಪಾಲನ್ನು ಹಿಂದಿರುಗಿಸಬೇಕಾಗುತ್ತದೆ. ಅಂತರ್ಜಾಲದ ಬುಕಿಂಗ್ ಕಂಪನಿಗಳ ಮೂಲಕ ಬಂದ ಅತಿಥಿಗಳ ತೆರಿಗೆಯನ್ನು ಆ ಕಂಪನಿಗಳೇ ಕಟ್ಟುತ್ತವೆಂಬುದು ನಿಜ. ಆದರೆ ಆ ಏರ್ಪಾಡು ನೋಂದಣಿಯ ಹೊಣೆಯಿಲ್ಲದವರಿಗೆ ಮಾತ್ರ ಅನ್ವಯಿಸುತ್ತದೆ. ನೋಂದಣಿ ಪಡೆಯಬೇಕಾದವರು ತಾವೇ ಕಟ್ಟಬೇಕು.

ರೂ. 50 ಲಕ್ಷದವರೆಗಿನ ಸೇವಾದಾರರಿಗೆ ರಾಜಿ ತೆರಿಗೆ ಪದ್ಧತಿಯೂ ಲಭ್ಯವಿದೆ. ಅದರ ದರ ಶೇಕಡ 6. ಅತಿಥಿಯಿಂದ ವಸೂಲು ಮಾಡುವಂತಿಲ್ಲ. ಸಾಮಾನ್ಯ ದರವೇ ಶೇಕಡ 5ಕ್ಕೆ ಇಳಿದಿರುವಾಗ ಅತಿಥಿಗೃಹಗಳಿಗೆ ಇದರಲ್ಲಿ ಹೆಚ್ಚಿನ ಅರ್ಥ ಉಳಿದಿಲ್ಲ.

ಇನ್ನು ಗೋಡೆಯ ಮೇಲಿನ ಚಿತ್ರಗಳನ್ನು ಮಾರುವ ವಿಷಯ. ಕಲಾವಿದನು ತನ್ನ ಕೃತಿಗಳನ್ನು ಅತಿಥಿಗೃಹದಲ್ಲಿ ತೂಗುಹಾಕಲು ಕೊಟ್ಟು, ಮಾರಾಟವಾದಾಗ ಹಣ ಪಡೆಯುವ ಏರ್ಪಾಡು ಎಲ್ಲರಿಗೂ ಅನುಕೂಲಕರ. ಮಾಲೀಕನ ಬಂಡವಾಳ ಉಳಿಯುತ್ತದೆ, ಗೋಡೆಯೂ ಆಗಾಗ ಬದಲಾಗುತ್ತದೆ. ಕಲಾವಿದನು ಗ್ಯಾಲರಿಗೆ ಕೃತಿ ಕಳುಹಿಸಿದ ಮಾತ್ರಕ್ಕೆ ತೆರಿಗೆ ಹುಟ್ಟುವುದಿಲ್ಲ, ಕೊಳ್ಳುವವನು ಅದನ್ನು ಆರಿಸಿಕೊಂಡಾಗಲೇ ಪೂರೈಕೆಯಾಗುತ್ತದೆ ಎಂದು 2017ರ ಡಿಸೆಂಬರ್‌ನ ಸುತ್ತೋಲೆಯು ಸ್ಪಷ್ಟಪಡಿಸಿದೆ. ಕೃತಿಯ ಜೊತೆಗೆ ಡೆಲಿವರಿ ಚಲನ್ ಇರಬೇಕು.

ಮಾರಾಟದ ಬಿಲ್ಲನ್ನು ಯಾರ ಹೆಸರಿನಲ್ಲಿ ಕೊಡಲಾಗುತ್ತದೆ ಎಂಬುದೇ ನಿರ್ಣಾಯಕ. ಕಲಾವಿದನೇ ಬಿಲ್ ಕೊಟ್ಟರೆ ಅತಿಥಿಗೃಹದ ಆದಾಯವೆಂದರೆ ಕಮಿಷನ್ ಮಾತ್ರ. ನೋಂದಾಯಿತರಾಗಿದ್ದರೆ ಅದರ ಮೇಲೆ ಶೇಕಡ 18. ಹಾಗಲ್ಲದೆ ಅತಿಥಿಗೃಹವೇ ತನ್ನ ಹೆಸರಿನಲ್ಲಿ ಬಿಲ್ ಹಾಕಿದರೆ ಅದು ಕಾನೂನಿನ ದೃಷ್ಟಿಯಲ್ಲಿ ಏಜೆಂಟನಾಗುತ್ತದೆ; ಚಿತ್ರದ ಪೂರ್ತಿ ಬೆಲೆಯು ಅದರ ವಹಿವಾಟಿಗೆ ಸೇರುತ್ತದೆ. ಮೇಲಿನ ಉದಾಹರಣೆಯ ರೂ. 18 ಲಕ್ಷಕ್ಕೆ ಮೂರು ಲಕ್ಷದ ಚಿತ್ರಗಳು ಸೇರಿದರೆ ರೂ. 21 ಲಕ್ಷವಾಗಿ ಮಿತಿ ದಾಟುತ್ತದೆ. ಮಾಲೀಕನ ಕೈಗೆ ಬಂದದ್ದು ಬಹುಶಃ ಕೆಲವು ಸಾವಿರ ರೂಪಾಯಿಗಳ ಕಮಿಷನ್ ಅಷ್ಟೇ. ಒಂದು ಬಿಲ್ ಪುಸ್ತಕವನ್ನು ಕಲಾವಿದನಿಂದಲೇ ಪಡೆದು ಇಟ್ಟುಕೊಳ್ಳುವುದು ಹಾಗೂ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಕ್ಷೇಮ. ಕೃತಿಗೆ ತೇವ, ಗೆದ್ದಲು ತಗಲಿದರೆ ನಷ್ಟ ಯಾರದೆಂಬುದನ್ನೂ ಅದರಲ್ಲೇ ಬರೆಯಬೇಕು; ಕಾಡಂಚಿನ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಚಿತ್ರವನ್ನು ಕೊಂಡು ಸ್ವಂತಕ್ಕೆ ಇಟ್ಟುಕೊಳ್ಳುವವರಿಗೆ ಇನ್ನೊಂದು ಅಂಶ. ಮನೆಯ ಮೇಜು, ಕುರ್ಚಿಗಳಂತೆ ಚಿತ್ರವೂ ಗೃಹಬಳಕೆಯ ವಸ್ತು, ಮಾರಿದರೆ ತೆರಿಗೆಯಿಲ್ಲ ಎಂಬ ನಂಬಿಕೆ ಇನ್ನೂ ಹಲವರಲ್ಲಿದೆ. 2007ರ ಹಣಕಾಸು ಕಾಯಿದೆಯು ಚಿತ್ರ, ಶಿಲ್ಪ ಮತ್ತು ಕಲಾಕೃತಿಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು. ಮಾರಿದಾಗ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಖರೀದಿಯ ರಶೀದಿ ಇಲ್ಲದಿದ್ದರೆ ಕೊಂಡ ಬೆಲೆಯನ್ನು ರುಜುವಾತುಪಡಿಸುವುದು ಕಷ್ಟ.

ಅತಿಥಿಯಾಗಿ ಬರುವ ವ್ಯಾಪಾರಿಯ ಕಡೆಯಿಂದಲೂ ಒಂದು ಮಾತು. ವಸತಿ ಸೇವೆಯ ಪೂರೈಕೆಯ ಸ್ಥಳವೆಂದರೆ ಕಟ್ಟಡವಿರುವ ಸ್ಥಳ. ಆದುದರಿಂದ ಕರ್ನಾಟಕದಲ್ಲಿ ನೋಂದಾಯಿತನಾದ ವರ್ತಕನು ವ್ಯವಹಾರಕ್ಕಾಗಿ ತಂಗಿದಲ್ಲಿ ತನ್ನ ಸಂಖ್ಯೆ ನಮೂದಾದ ಬಿಲ್ ಪಡೆದು ಜಮೆ ಪಡೆಯಬಹುದು. ಚೆನ್ನೈಯ ವರ್ತಕನಿಗೆ ಇಲ್ಲಿನ ರಾಜ್ಯ ಮತ್ತು ಕೇಂದ್ರ ತೆರಿಗೆಯ ಜಮೆ ಸಿಗದು.

ಕಟ್ಟಡಕ್ಕೆ ಕೈಹಾಕುವ ಮೊದಲು ಜಮೀನಿನ ದಾಖಲೆಯನ್ನು ನೋಡಬೇಕು. ಕೃಷಿ ಜಮೀನಾದರೆ 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ಭೂಪರಿವರ್ತನೆ ಅಗತ್ಯ. ಉದ್ಯಾನದ ಗಡಿಯ ಸಮೀಪದ ಸರ್ವೆ ನಂಬರುಗಳಿಗೆ ಪರಿಸರ ಸೂಕ್ಷ್ಮ ವಲಯದ ನಿರ್ಬಂಧಗಳ ಬಗ್ಗೆ ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ ಪಡೆಯದೆ ಮುಂಗಡ ಕೊಡುವುದು ಸಲ್ಲದು. ಹೋಂ ಸ್ಟೇ ಎಂದು ಕರೆಯಬೇಕಾದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ವಿದೇಶೀ ಅತಿಥಿ ಬಂದ 24 ಗಂಟೆಗಳೊಳಗೆ ಅವರ ವಿವರಗಳನ್ನು ಅಂತರ್ಜಾಲದ ಮೂಲಕ ವಿದೇಶೀಯರ ನೋಂದಣಿ ಕಚೇರಿಗೆ ಕಳುಹಿಸುವುದು ಕಡ್ಡಾಯ; ಒಂದೇ ಕೊಠಡಿಯ ಅತಿಥಿಗೃಹಕ್ಕೂ ಇದರಿಂದ ವಿನಾಯಿತಿಯಿಲ್ಲ.