ಫಾರಸಿ ಮಾತಾಡುವ ಊರು ಎಲ್ಲಿದೆ?

ಮುಂಬಯಿಯಲ್ಲಿ ಫಾರಸಿ ಆಡುವ ಹಳ್ಳಿಯೊಂದನ್ನು ಹುಡುಕಹೊರಟರೆ ನಕ್ಷೆಯಲ್ಲಿ ಸಿಕ್ಕದು. ಆದರೆ ಅದರ ಗುರುತುಗಳುಂಟು. ಡೋಂಗ್ರಿಯಲ್ಲಿ ನೀಲಿ ಟೈಲುಗಳಿಂದ ಹೊಳೆಯುವ ಮೊಗಲ್ ಮಸೀದಿಯನ್ನು 1860ರಲ್ಲಿ ಕಟ್ಟಿಸಿದವರು ಇರಾನಿ ವರ್ತಕರಾದ ಹಾಜಿ ಮಹಮ್ಮದ್ ಹುಸೇನ್ ಶಿರಾಜಿ. 1933ರಲ್ಲಿ ಫಾರಸಿಯ ಮೊದಲ ಮಾತಿನ ಚಿತ್ರ ‘ದುಖ್ತರ್-ಎ-ಲೋರ್’ ತಯಾರಾದದ್ದೂ ಈ ನಗರದಲ್ಲೇ, ಅರ್ದೇಶೀರ್ ಇರಾನಿಯವರ ಇಂಪೀರಿಯಲ್ ಕಂಪೆನಿಯಲ್ಲಿ.

ಇನ್ನು ಜನಸಂಖ್ಯೆಯ ಮಾತು. ಪಾರ್ಸಿಗಳನ್ನು ಎಣಿಸಿಬಿಟ್ಟರೆ ಲೆಕ್ಕ ಸಿಕ್ಕಿತೆಂದುಕೊಳ್ಳಬಾರದು. ದೇಶದಲ್ಲಿ 2001ರಲ್ಲಿ 69,601 ಮಂದಿ ಇದ್ದವರು 2011ರ ಗಣತಿಯಲ್ಲಿ 57,264ಕ್ಕೆ ಇಳಿದಿದ್ದರು, ಬಹುಮಂದಿ ಮುಂಬಯಿಯವರು. ಆದರೆ ಸಾವಿರ ವರ್ಷಕ್ಕೂ ಹಿಂದೆ ಗುಜರಾತಿನ ಕರಾವಳಿಗೆ ಬಂದಿಳಿದ ಇವರ ಮನೆಮಾತು ಗುಜರಾತಿಯಾಗಿ ಎಷ್ಟೋ ಕಾಲವಾಯಿತು.

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಯಜ್ದ್, ಕೆರ್ಮಾನ್‌ಗಳ ಕಡೆಯಿಂದ ಬಂದ ಇರಾನಿಗಳ ಕಥೆ ಬೇರೆ. 1904ರ ಕಯಾನಿ, 1923ರ ಬ್ರಿಟಾನಿಯಾ ಇವರ ಹೋಟೆಲುಗಳೇ. ಚಹಾ, ಬ್ರುನ್ ಮಸ್ಕಾ ಕೊಡುವಾಗ ಗಿರಾಕಿಯ ಮಾತನ್ನಾಡಿದರು. ಮನೆಯೊಳಗೆ ಫಾರಸಿಯ ಬಂಧುವಾದ ತಮ್ಮ ದರಿ ನುಡಿಯನ್ನು ಉಳಿಸಿಕೊಂಡು ಬಂದರು.

ಅಂತೂ ಆ ಊರು ಇರುವುದು ಅಡಿಗೆಮನೆಯಲ್ಲಿ, ಅಜ್ಜಿ-ಮೊಮ್ಮಕ್ಕಳ ನಡುವೆ. ದೇವರು, ಹಬ್ಬ, ಊಟ ಉಳಿದರೂ ಮಾತು ಹೋಗಬಹುದೆಂಬುದಕ್ಕೆ ಪಾರ್ಸಿಗಳೇ ಸಾಕ್ಷಿ. ನಾವೂ ಹೊರನಾಡಿಗರು. ನಮ್ಮ ಮನೆಯ ಕನ್ನಡದ ಊರಿನಲ್ಲಿ ಜನರೆಷ್ಟು? ಇಂದು ರಾತ್ರಿ ಊಟಕ್ಕೆ ಕುಳಿತಾಗ ಎಣಿಸಿ ನೋಡೋಣ.