ಮನೆಯಲ್ಲಿ ಬಳಸುವ ಉಸಿರಾಟದ ಯಂತ್ರ: ಕೊಳ್ಳುವ ಮೊದಲು ತಿಳಿದಿರಬೇಕಾದದ್ದು

ಗೊರಕೆ ಹೊಡೆಯುವವರು ಸೊಗಸಾಗಿ ನಿದ್ದೆ ಮಾಡುತ್ತಾರೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಎಲ್ಲ ಗೊರಕೆಯೂ ಕಾಯಿಲೆಯಲ್ಲ, ನಿಜ. ಆದರೆ ಜೋರಾಗಿ ಗೊರಕೆ ಹೊಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಸದ್ದಡಗಿ, ಉಸಿರೇ ನಿಂತಂತಾಗಿ, ಸ್ವಲ್ಪ ಹೊತ್ತಿನ ಮೇಲೆ ಗಕ್ಕನೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸಿದರೆ ಅದನ್ನು ಹಗುರವಾಗಿ ಕಾಣಬಾರದು. ಇದಕ್ಕೆ ವೈದ್ಯರು ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ’ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಕುಸಿದು, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಗೊಂಡು ರೋಗಿಯನ್ನು ಅರೆ ಎಚ್ಚರಕ್ಕೆ ತರುತ್ತದೆ. ಇದು ರಾತ್ರಿಯೆಲ್ಲಾ ನಡೆಯುತ್ತಿದ್ದರೂ ರೋಗಿಗೆ ಬೆಳಿಗ್ಗೆ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು. ಆದ್ದರಿಂದಲೇ ಈ ಲೇಖನ ರೋಗಿಗಳಿಗೆಷ್ಟೋ ಅವರ ಮನೆಯವರಿಗೂ ಅಷ್ಟೇ.

ಬೆಳಿಗ್ಗೆ ಎದ್ದಾಗ ತಲೆನೋವು, ಬಾಯಿ ಒಣಗುವುದು, ಇಷ್ಟಲಿಂಗ ಪೂಜೆಗೆ ಕುಳಿತಲ್ಲೇ ತೂಕಡಿಕೆ, ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ, ಮಾತುಮಾತಿಗೆ ಸಿಡುಕು, ಎಷ್ಟು ಮಾತ್ರೆ ನುಂಗಿದರೂ ಹತೋಟಿಗೆ ಬಾರದ ರಕ್ತದೊತ್ತಡ, ಇವೆಲ್ಲ ಇದರ ಲಕ್ಷಣಗಳಾಗಿರಬಹುದು. ಆಟೋ, ಲಾರಿ, ಬಸ್ಸು ಓಡಿಸುವವರಲ್ಲಿ ಈ ಕಾಯಿಲೆ ಇದ್ದರೆ ಅಪಾಯ ಅವರೊಬ್ಬರದ್ದೇ ಅಲ್ಲ. ಚಿಕಿತ್ಸೆ ಪಡೆಯದೆ ಬಿಟ್ಟರೆ ಹೃದಯಕ್ಕೂ ಮೆದುಳಿಗೂ ಪೆಟ್ಟು. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರದ ಹಾಡುಗಳಿಂದ ಕನ್ನಡಿಗರಿಗೂ ಪರಿಚಿತರಾದ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಅವರು 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಇದೇ ಕಾಯಿಲೆಯ ಹೆಸರು ಪತ್ರಿಕೆಗಳಲ್ಲಿ ಬಂದಿತ್ತು. ಆಗ ಅನೇಕರು ಮೊದಲ ಬಾರಿಗೆ ಈ ಹೆಸರನ್ನು ಕೇಳಿದರು.

ಮೊದಲು ಪರೀಕ್ಷೆ, ಆಮೇಲೆ ಯಂತ್ರ

ಗೊರಕೆ ಇದೆ ಎಂದು ನೇರವಾಗಿ ಅಂಗಡಿಗೆ ಹೋಗಿ ಯಂತ್ರ ಕೊಳ್ಳಬೇಡಿ. ಒಂದು ರಾತ್ರಿಯ ನಿದ್ರಾ ಪರೀಕ್ಷೆ ಆಗಲೇಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸೇರಿದಂತೆ ಹಲವು ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಕೆಲವರಿಗೆ ಮನೆಯಲ್ಲೇ ಚಿಕ್ಕ ಉಪಕರಣ ಕಟ್ಟಿ ಪರೀಕ್ಷೆ ಮಾಡಬಹುದು. ವರದಿಯಲ್ಲಿ ‘ಎ.ಎಚ್.ಐ.’ ಎಂಬ ಒಂದು ಅಂಕಿ ಇರುತ್ತದೆ. ನಿದ್ರೆಯ ಒಂದು ಗಂಟೆಯಲ್ಲಿ ಸರಾಸರಿ ಎಷ್ಟು ಸಲ ಉಸಿರು ಹತ್ತು ಸೆಕೆಂಡು ಅಥವಾ ಹೆಚ್ಚು ಕಾಲ ನಿಂತಿತು ಅಥವಾ ಕುಗ್ಗಿತು ಎಂಬುದರ ಲೆಕ್ಕ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕಿಂತ ಮೇಲಿದ್ದರೆ ತೀವ್ರ. ಸೌಮ್ಯವಾಗಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು, ಇಷ್ಟರಿಂದಲೇ ಕೆಲವರಿಗೆ ಗುಣ ಕಾಣುತ್ತದೆ. ಮಧ್ಯಮ ಮತ್ತು ತೀವ್ರ ಹಂತಕ್ಕೆ ಯಂತ್ರವೇ ಮುಖ್ಯ ಚಿಕಿತ್ಸೆ.

ಈ ಯಂತ್ರ ಆಮ್ಲಜನಕ ಕೊಡುವುದಿಲ್ಲ

ಇದನ್ನು ಒತ್ತಿ ಹೇಳಬೇಕಾಗಿದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಿಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಬಂದಿತು. ಈಗ ಅವು ಅಟ್ಟದ ಮೇಲಿವೆ. ‘ಅಪ್ಪಾಜಿಗೆ ಉಸಿರು ಕಟ್ಟುತ್ತದೆ ಅಂತೀರಿ, ಅದನ್ನೇ ಹಾಕಿದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಸಾಲದು. ಬಾಗಿಲು ಮುಚ್ಚಿದ ಕೋಣೆಯ ಹೊರಗೆ ಎಷ್ಟು ಗಾಳಿ ಇದ್ದರೇನು? ಇಲ್ಲಿ ತೊಂದರೆ ಇರುವುದು ಗಂಟಲಿನ ದಾರಿ ಮುಚ್ಚುವುದರಲ್ಲಿ. ಬರೀ ಆಮ್ಲಜನಕ ಕೊಟ್ಟರೆ ಕೆಲವರಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ ಮಂಪರು ಹೆಚ್ಚಬಹುದು. ವೈದ್ಯರು ಹೇಳದೆ ಅದನ್ನು ಹಾಕಬಾರದು.

ಸಿ-ಪ್ಯಾಪ್ ಯಂತ್ರ ಮಾಡುವ ಕೆಲಸ ಬಹಳ ಸರಳ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಒಂದು ಒತ್ತಡದಲ್ಲಿ ಕೊಳವೆ ಮತ್ತು ಮಾಸ್ಕ್ ಮೂಲಕ ಮೂಗಿಗೆ ಬಿಡುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಅಂಟಿಕೊಳ್ಳದೆ ತೆರೆದು ನಿಲ್ಲುವುದಿಲ್ಲವೇ, ಗಂಟಲೂ ಹಾಗೆಯೇ ತೆರೆದಿರುತ್ತದೆ. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ ಇದನ್ನು ಮೊದಲು ಪ್ರಯೋಗಿಸಿದಾಗ ವ್ಯಾಕ್ಯೂಮ್ ಕ್ಲೀನರ್‌ನಂಥ ಮೋಟಾರನ್ನೇ ಬಳಸಿದ್ದರು. ಅದಕ್ಕೆ ಮೊದಲು ತೀವ್ರ ಕಾಯಿಲೆಯವರಿಗೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವ ಶಸ್ತ್ರಚಿಕಿತ್ಸೆಯೇ ಖಚಿತ ಪರಿಹಾರವಾಗಿತ್ತು. ಮಾಸ್ಕ್ ಕಟ್ಟಿಕೊಳ್ಳುವುದು ಕಿರಿಕಿರಿ ಎನ್ನುವವರು ಇದನ್ನೊಮ್ಮೆ ನೆನೆಯಬೇಕು.

ಯಾವ ಬಗೆ ಯಾರಿಗೆ?

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಹೆಸರು ಕೇಳಿಬರುತ್ತವೆ. ಸಾದಾ ಸಿ-ಪ್ಯಾಪ್ ರಾತ್ರಿಯಿಡೀ ವೈದ್ಯರು ಗೊತ್ತುಮಾಡಿದ ಒಂದೇ ಒತ್ತಡ ಕೊಡುತ್ತದೆ. ಆಟೋ ಸಿ-ಪ್ಯಾಪ್ ಉಸಿರಾಟವನ್ನು ಗಮನಿಸುತ್ತಾ, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದೊಳಗೆ, ವೈದ್ಯರು ಹಾಕಿದ ಮಿತಿಯಲ್ಲಿ ತಾನೇ ಏರಿಳಿಯುತ್ತದೆ. ಬೈ-ಪ್ಯಾಪ್ ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುತ್ತದೆ.

ಬೆಲೆ ಹೆಚ್ಚಾದ್ದರಿಂದ ಬೈ-ಪ್ಯಾಪೇ ಉತ್ತಮ ಎಂದು ಭಾವಿಸಿ, ಸಾಲ ಮಾಡಿ ತರುವವರಿದ್ದಾರೆ. ಇದು ಅನಾವಶ್ಯಕ. ಹೆಚ್ಚಿನ ರೋಗಿಗಳಿಗೆ ಸಾದಾ ಅಥವಾ ಆಟೋ ಸಿ-ಪ್ಯಾಪ್ ಸಾಕು. ಬೈ-ಪ್ಯಾಪ್ ಬೇಕಾಗುವುದು ಅತಿ ತೂಕದಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದ ಕೆಲವರಿಗೆ, ಬೀಡಿ-ಸಿಗರೇಟಿನಿಂದ ಅಥವಾ ಒಲೆ ಹೊಗೆಯಿಂದ ಶ್ವಾಸಕೋಶ ಹಾಳಾಗಿರುವ ಕೆಲವರಿಗೆ, ಸ್ನಾಯುಗಳ ಬಲಹೀನತೆ ಇರುವವರಿಗೆ, ಇಲ್ಲವೇ ಸಿ-ಪ್ಯಾಪಿನ ಹೆಚ್ಚಿನ ಒತ್ತಡ ತಾಳಲಾರದವರಿಗೆ. ಇಂಥ ರೋಗಿಗಳಿಗೂ ಹೃದಯ ವೈಫಲ್ಯ ಇರುವವರಿಗೂ ಆಟೋ ಯಂತ್ರವನ್ನು ನೇರವಾಗಿ ಕೊಡುವುದು ಸರಿಯಲ್ಲ. ಪ್ರಯೋಗಾಲಯದಲ್ಲಿ ಒತ್ತಡ ಹೊಂದಿಸಿ ನೋಡಬೇಕು. ಎ.ಎಸ್.ವಿ. ಎಂಬ ಇನ್ನೊಂದು ದುಬಾರಿ ಬಗೆ ಇದೆ. ಹೃದಯದ ಪಂಪ್ ಶಕ್ತಿ ಕುಗ್ಗಿದ್ದು, ಮೆದುಳಿನ ಸೂಚನೆಯೇ ತಪ್ಪಿ ಉಸಿರು ನಿಲ್ಲುವ ರೋಗಿಗಳಲ್ಲಿ ಅದರಿಂದ ಹೃದ್ರೋಗದ ಸಾವು ಹೆಚ್ಚಿತೆಂದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಹೀಗಾಗಿ ಯಂತ್ರದ ಬಗೆಯನ್ನು ಮಾರಾಟಗಾರರು ತೀರ್ಮಾನಿಸುವಂತಿಲ್ಲ. ಬಗೆ, ಒತ್ತಡ, ಮಾಸ್ಕಿನ ವಿಧ ಮೂರನ್ನೂ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡೇ ಅಂಗಡಿಗೆ ಹೋಗಿ.

ಮಾಸ್ಕ್: ಇಲ್ಲೇ ಹೆಚ್ಚಿನವರು ಸೋಲುವುದು

ಯಂತ್ರ ಕೊಂಡು ತಿಂಗಳೊಳಗೆ ಬೀರುವಿನಲ್ಲಿಟ್ಟವರನ್ನು ವಿಚಾರಿಸಿದರೆ ಬಹುಮಟ್ಟಿಗೆ ದೂರು ಮಾಸ್ಕಿನ ಮೇಲೇ. ಮೂಗಿನ ಮೇಲೆ ಕೂರುವ ಮಾಸ್ಕ್, ಹೊಳ್ಳೆಗೆ ಮಾತ್ರ ತಾಗುವ ಚಿಕ್ಕ ಮಾಸ್ಕ್, ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಎಂದು ಮೂರು ವಿಧ. ಮೂಗು ಕಟ್ಟಿರದಿದ್ದರೆ ಮೊದಲು ಮೂಗಿನ ಮಾಸ್ಕನ್ನೇ ಪ್ರಯತ್ನಿಸುವುದು ಒಳ್ಳೆಯದು. ಬಾಯಿ ತೆರೆದೇ ಮಲಗುವವರಿಗೆ ದೊಡ್ಡದು ಬೇಕಾಗಬಹುದು. ಆದರೆ ಪಾರ್ಶ್ವವಾಯು ಆಗಿ ಕೈ ಎತ್ತಲಾರದವರು, ಪದೇ ಪದೇ ವಾಂತಿ ಮಾಡಿಕೊಳ್ಳುವವರು ದೊಡ್ಡ ಮಾಸ್ಕ್ ಹಾಕಿಕೊಂಡು ಒಬ್ಬರೇ ಮಲಗುವುದು ಅಪಾಯ. ತಾವೇ ಕಿತ್ತು ತೆಗೆಯಲು ಆಗಬೇಕು.

ಅಳತೆ ನೋಡುವಾಗ ಕುರ್ಚಿಯಲ್ಲಿ ಕುಳಿತು ನೋಡಿದರೆ ಸಾಲದು. ಯಂತ್ರ ಚಾಲೂ ಮಾಡಿಸಿ, ಮಲಗಿ, ಎರಡೂ ಮಗ್ಗುಲಿಗೆ ಹೊರಳಿ ಗಾಳಿ ಸೋರುವುದೇ ಎಂದು ನೋಡಿ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ. ಸೋರದಿರಲೆಂದು ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಮೂಗಿನ ಮೇಲೆ ಹುಣ್ಣಾಗುತ್ತದೆ. ಮಲಗುವ ಮೊದಲು ಮುಖ ತೊಳೆದು ಹಣೆಯ ವಿಭೂತಿ, ಮುಖದ ಕ್ರೀಮು, ಎಣ್ಣೆಯ ಜಿಡ್ಡು ತೆಗೆಯಬೇಕು. ಜಿಡ್ಡು ಇದ್ದರೆ ಮಾಸ್ಕ್ ಜಾರುತ್ತದೆ, ಅದರ ಸಿಲಿಕೋನ್ ಕೂಡ ಬೇಗ ಹಾಳಾಗುತ್ತದೆ. ತಲೆಗೆ ಎಣ್ಣೆ ಹಚ್ಚುವ ಅಜ್ಜಿಯರು ಹತ್ತಿ ಬಟ್ಟೆಯೊಂದನ್ನು ತಲೆಗೆ ಸುತ್ತಿಕೊಂಡು ಅದರ ಮೇಲೆ ಪಟ್ಟಿ ಹಾಕಿಕೊಂಡರೆ ಆಯಿತು. ಶಿವದಾರ, ಕರಡಿಗೆ ಧರಿಸಿ ಮಲಗುವವರು ಕೊಳವೆಯನ್ನು ತಲೆಯ ಹಿಂದಿನಿಂದ ತಂದರೆ ತೊಡರುವುದಿಲ್ಲ.

ಎರಡು ಎಚ್ಚರಿಕೆಗಳು. ಮನೆಯಲ್ಲಿ ಬಳಸುವ ಮಾಸ್ಕಿನಲ್ಲಿ ಬಿಟ್ಟ ಉಸಿರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ‘ಗಾಳಿ ಸೋರುತ್ತಿದೆ’ ಎಂದು ಅವನ್ನು ಟೇಪು ಹಚ್ಚಿ ಮುಚ್ಚಬೇಡಿ. ತೀವ್ರ ನಿಗಾ ಘಟಕಗಳಲ್ಲಿ ಬಳಸುವ ರಂಧ್ರವಿಲ್ಲದ ಮಾಸ್ಕುಗಳೂ ಇವೆ. ಅವು ನೋಡಲು ಒಂದೇ ತರಹ, ಕೊಳವೆ ಸೇರುವ ಮೊಣಕೈ ಭಾಗ ಹೆಚ್ಚಾಗಿ ನೀಲಿ ಬಣ್ಣದ್ದು. ಕೋವಿಡ್ ಕಾಲದ್ದು ಯಾರೋ ಕೊಟ್ಟರೆಂದು ಅದನ್ನು ಮನೆಯ ಯಂತ್ರಕ್ಕೆ ಜೋಡಿಸಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡಂತಾಗುತ್ತದೆ. ಎರಡನೆಯದು, ಕೆಲವು ಮಾಸ್ಕುಗಳ ಪಟ್ಟಿಯ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು, ತಲೆಯಲ್ಲಿ ಲೋಹದ ಕ್ಲಿಪ್ ಇರುವವರು ಅಯಸ್ಕಾಂತ ಇಲ್ಲದ ಮಾಸ್ಕನ್ನೇ ಕೇಳಿ ಪಡೆಯಬೇಕು. ಅಂಥವರ ಪಕ್ಕದಲ್ಲಿ ಮಲಗುವವರಿಗೂ ಇದೇ ಮಾತು.

ಹಣದ ವಿಚಾರ

ಯಂತ್ರಕ್ಕೆ ಹಲವು ಹತ್ತು ಸಾವಿರ ರೂಪಾಯಿ ಬೀಳುತ್ತದೆ. ಮಾಸ್ಕ್, ಫಿಲ್ಟರ್, ಕೊಳವೆಗಳನ್ನು ಕಾಲಕಾಲಕ್ಕೆ ಬದಲಿಸುವ ಖರ್ಚು ಬೇರೆ. ಆದ್ದರಿಂದ ಒಮ್ಮೆಲೇ ಕೊಳ್ಳುವುದಕ್ಕಿಂತ ಎರಡು ವಾರ ಅಥವಾ ತಿಂಗಳ ಮಟ್ಟಿಗೆ ಬಾಡಿಗೆಗೆ ತಂದು ನೋಡುವುದು ಜಾಣತನ. ಕೊಳ್ಳುವಾಗ ರಸೀದಿ, ಯಂತ್ರದ ಸರಣಿ ಸಂಖ್ಯೆ, ವಾರಂಟಿ ಪತ್ರ ಪಡೆಯಿರಿ. ರಿಪೇರಿ ಬೆಂಗಳೂರಿನಲ್ಲೇ ಆಗುತ್ತದೆಯೇ, ಆಗ ಬದಲಿ ಯಂತ್ರ ಕೊಡುತ್ತಾರೆಯೇ, ಇದೇ ಮಾಸ್ಕಿನ ಮೆತ್ತೆ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ವಿದೇಶದಿಂದ ಮಕ್ಕಳು ತಂದುಕೊಟ್ಟ ಯಂತ್ರಕ್ಕೆ ಇಲ್ಲಿ ವಾರಂಟಿ ಸಿಗದಿರಬಹುದು. ನಿಮ್ಮ ವಿಮಾ ಪಾಲಿಸಿ ಮನೆಯಲ್ಲಿ ಬಳಸುವ ಉಪಕರಣಕ್ಕೆ ಹಣ ಕೊಡುತ್ತದೆಯೇ ಎಂದು ಓದಿ ನೋಡಿ. ಅನೇಕ ಪಾಲಿಸಿಗಳು ಕೊಡುವುದಿಲ್ಲ. ಸಿ.ಜಿ.ಎಚ್.ಎಸ್. ಕಾರ್ಡು ಇರುವ ಕೇಂದ್ರ ಸರ್ಕಾರದ ನೌಕರರು, ಪಿಂಚಣಿದಾರರು ಕೊಳ್ಳುವ ಮೊದಲೇ ತಮ್ಮ ಚಿಕಿತ್ಸಾಲಯದಲ್ಲಿ ಅನುಮತಿಯ ಬಗ್ಗೆ ವಿಚಾರಿಸಬೇಕು. ಕೊಂಡ ಮೇಲೆ ಬಿಲ್ಲು ಹಿಡಿದು ಅಲೆದಾಡುವುದು ಬೇಡ.

ಹಳೆಯ ಯಂತ್ರ ಕಡಿಮೆಗೆ ಸಿಕ್ಕಿತೆಂದು ಆಸೆ ಪಡುವುದು ಸಹಜ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಅನೇಕ ಸಿ-ಪ್ಯಾಪ್, ಬೈ-ಪ್ಯಾಪ್ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿನೊಂದಿಗೆ ಒಳಹೋಗುವ ಸಂಭವವಿತ್ತು. 2021ರ ಏಪ್ರಿಲ್‌ಗೆ ಮೊದಲು ತಯಾರಾದ ಯಂತ್ರವಾದರೆ ಸರಣಿ ಸಂಖ್ಯೆ ಪರಿಶೀಲಿಸದೆ ಮುಟ್ಟಬೇಡಿ. ಇನ್ನೊಬ್ಬರ ಯಂತ್ರವನ್ನು ಅವರ ಒತ್ತಡದಲ್ಲೇ ಬಳಸಬಾರದು. ಮಾಸ್ಕ್, ಕೊಳವೆ, ಫಿಲ್ಟರ್ ಹೊಸದೇ ಆಗಿರಬೇಕು.

ಮನೆಯಲ್ಲಿ ಎಲ್ಲಿ, ಹೇಗೆ?

ಚಾಮರಾಜಪೇಟೆ, ಬಸವನಗುಡಿಯ ಹಳೆಯ ಮನೆಗಳಲ್ಲಿ ಮಲಗುವ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ಇರುವುದೇ ಅನುಮಾನ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ನಿನ ಪ್ಲಗ್ ಸರಿಮಾಡಿಸಿ. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ. ಮಾಸ್ಕಿನ ರಂಧ್ರದಿಂದ ಸ್ವಲ್ಪ ಗಾಳಿ ಬರುತ್ತದಾದರೂ ಕೂಡಲೇ ತೆಗೆಯುವುದು ಲೇಸು. ಮನೆಯ ಯು.ಪಿ.ಎಸ್. ಇದ್ದರೆ ಸೈನ್ ವೇವ್ ಬಗೆಯದ್ದೇ ಎಂದು ನೋಡಿ ಜೋಡಿಸಿ. ಆಗ ಬಿಸಿ ನೀರಿನ ಹ್ಯುಮಿಡಿಫೈಯರ್ ಆರಿಸಿಟ್ಟರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಯಂತ್ರ ತಲೆಯ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಕೊಳವೆಯಲ್ಲಿ ಸೇರಿದ ನೀರು ಮೂಗಿಗೇ ಬರುತ್ತದೆ. ಚಾಪೆಯ ಮೇಲೆ ಮಲಗುವವರು ದಿಂಬು ಎತ್ತರಿಸಿಕೊಂಡು ಯಂತ್ರವನ್ನು ತೆಳು ಮಣೆಯ ಮೇಲಿಡಬಹುದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಳವೆಯನ್ನು ಹೊದಿಕೆಯೊಳಗೆ ಇಟ್ಟುಕೊಂಡರೆ ನೀರು ಕಟ್ಟುವುದು ಕಡಿಮೆ. ಹ್ಯುಮಿಡಿಫೈಯರಿಗೆ ಔಷಧಿ ಅಂಗಡಿಯ ಡಿಸ್ಟಿಲ್ಡ್ ನೀರೇ ಸರಿ. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಸುಣ್ಣ ಕಟ್ಟುತ್ತದೆ. ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಉಸಿರಾಟಕ್ಕಲ್ಲ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಒಣಗಿಸಿ. ಮಾಸ್ಕಿನ ಮೆತ್ತೆಯನ್ನು ದಿನವೂ, ಕೊಳವೆಯನ್ನು ವಾರಕ್ಕೊಮ್ಮೆ ಮೃದುವಾದ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ. ಓಝೋನ್ ಬಿಟ್ಟು ಶುಚಿಮಾಡುವ ಪೆಟ್ಟಿಗೆಗಳು ಬೇಡ. ಮಲಗುವ ಕೋಣೆಯಲ್ಲಿ ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿ ಹಚ್ಚಿದರೆ ಫಿಲ್ಟರ್ ಬೇಗ ಕಪ್ಪಾಗುತ್ತದೆ. ಸೊಳ್ಳೆ ಪರದೆ ಕಟ್ಟಿಕೊಂಡರೆ ಎಲ್ಲಕ್ಕೂ ಒಳ್ಳೆಯದು.

ಮೊದಲ ವಾರ ನಿದ್ದೆ ಬಾರದು ಎಂದು ಬಿಡಬೇಡಿ. ಹಗಲು ಟಿ.ವಿ. ನೋಡುವಾಗ, ಪತ್ರಿಕೆ ಓದುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿ. ಒತ್ತಡ ನಿಧಾನವಾಗಿ ಏರುವ ‘ರ‍್ಯಾಂಪ್’ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿದೆ, ಅದನ್ನು ಹಾಕಿಸಿಕೊಳ್ಳಿ. ವೈದ್ಯರು ನೋಡುವ ಕನಿಷ್ಠ ಲೆಕ್ಕ ನೂರರಲ್ಲಿ ಎಪ್ಪತ್ತು ರಾತ್ರಿ, ರಾತ್ರಿಗೆ 4 ಗಂಟೆ. ಗುರಿ ಮಾತ್ರ ಮಲಗಿದಷ್ಟು ಹೊತ್ತೂ ಹಾಕಿಕೊಳ್ಳುವುದು; ಮಧ್ಯಾಹ್ನದ ನಿದ್ದೆಗೂ ಸೇರಿಸಿ. ಯಂತ್ರವು ಬಳಕೆ, ಸೋರಿಕೆ, ಉಳಿದ ಎ.ಎಚ್.ಐ. ಎಲ್ಲವನ್ನೂ ಕಾರ್ಡಿನಲ್ಲಿ ದಾಖಲಿಸುವಂಥದ್ದನ್ನೇ ಆರಿಸಿ.

ತಪಾಸಣೆಗೆ ಬರುವಾಗ ನೀರು ಚೆಲ್ಲಿ, ಯಂತ್ರ, ಮಾಸ್ಕ್, ಕಾರ್ಡು, ವೈರು ಸಮೇತ ತನ್ನಿ. ಯಾವುದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸೇರುವಾಗಲೂ, ಕಣ್ಣಿನ ಪೊರೆಯಂಥ ಚಿಕ್ಕದಾದರೂ ಸರಿ, ಈ ಕಾಯಿಲೆ ಇರುವುದನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ, ಯಂತ್ರವನ್ನು ಜೊತೆಗೆ ಒಯ್ಯಿರಿ. ರೋಗಿಗೆ ಮಂಪರಿದ್ದಾಗ ಇದನ್ನು ಹೇಳಬೇಕಾದವರು ಜೊತೆಗಿರುವ ನೀವೇ.