ಜಿಮ್ ಸದಸ್ಯತ್ವ: ಯಾರಿಗೆ ಯಾವುದು ಲಾಭಕರ?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಅಂಗಡಿ, ಎಣ್ಣೆ ಗಿರಣಿ, ವರ್ಕ್‌ಶಾಪು ಹಾಗೂ ಮಂಡಿಗಳಲ್ಲಿ ಬಹುಪಾಲು ಮಾಲೀಕರೇ ಸ್ವತಃ ನಿಂತು ನಡೆಸುವಂಥವು. ಇಂತಹ ಉದ್ದಿಮೆಗಳಲ್ಲಿ ಸರಕಿಗೆ ವಿಮೆ ಇರುತ್ತದೆ, ಯಂತ್ರಕ್ಕೆ ವಾರ್ಷಿಕ ನಿರ್ವಹಣೆಯ ಏರ್ಪಾಡು ಇರುತ್ತದೆ. ಆದರೆ ಮಾಲೀಕರು ಹದಿನೈದು ದಿನ ಹಾಸಿಗೆ ಹಿಡಿದರೆ ಖರೀದಿ, ವಸೂಲಿ, ಬಟವಾಡೆ ಮೂರೂ ಒಟ್ಟಿಗೆ ನಿಲ್ಲುತ್ತವೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಲ್ಲಾದ ಮುಂದೆ ಕುಳಿತೇ ಕಳೆಯುವ ವರ್ತಕರ ಆರೋಗ್ಯವು ವ್ಯಾಪಾರದ ಬಂಡವಾಳದಲ್ಲಿ ಸೇರಿದ್ದೇ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ಈ ಹಿನ್ನೆಲೆಯಲ್ಲಿ ಜಿಮ್‌ಗೆ ಸೇರುವ ವರ್ತಕರ ಸಂಖ್ಯೆ ಹೆಚ್ಚುವುದು ಸ್ವಾಗತಾರ್ಹವೇ ಸರಿ. ಆದರೆ ಸರಕು ಖರೀದಿಯಲ್ಲಿ ಪೈಸೆ ಪೈಸೆಗೂ ಲೆಕ್ಕ ಹಾಕುವ ವರ್ತಕರು ಜಿಮ್ ಸದಸ್ಯತ್ವವನ್ನು ಕೊಳ್ಳುವಾಗ ಮಾತ್ರ ಆ ಲೆಕ್ಕವನ್ನು ಮರೆಯುವುದು ಸಾಮಾನ್ಯವಾಗಿದೆ.

ಅಗತ್ಯವನ್ನು ಮೊದಲು ಅರಿಯಬೇಕು

ಸದಸ್ಯತ್ವದ ಬಗೆಯನ್ನು ಆರಿಸುವ ಮುನ್ನ ದೇಹಕ್ಕೆ ಬೇಕಾದುದೇನು ಎಂಬುದನ್ನು ತಿಳಿಯುವುದು ಅವಶ್ಯಕ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ಚಟುವಟಿಕೆಯನ್ನೂ, ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕು. ಇದರಲ್ಲಿ ಮೊದಲನೆಯದಕ್ಕೆ ಜಿಮ್ ಬೇಕೆಂದೇನೂ ಇಲ್ಲ. ಬೆಳಗಿನ ಬಿರುಸು ನಡಿಗೆ ಅಥವಾ ಸೈಕಲ್ ಸವಾರಿ ಸಾಕು. ಎರಡನೆಯದಕ್ಕೆ ಮಾತ್ರ ಭಾರದ ಸಾಧನಗಳೂ ಅವುಗಳನ್ನು ಬಳಸುವ ಕ್ರಮವನ್ನು ಹೇಳಿಕೊಡುವವರೂ ಇದ್ದರೆ ಅನುಕೂಲ. ಹಿಂದೆ ಊರೂರಿನ ಗರಡಿಮನೆಗಳು ಈ ಕೆಲಸವನ್ನು ಮಾಡುತ್ತಿದ್ದವು.

ಆದ್ದರಿಂದ ನಡಿಗೆಯನ್ನು ಹೊರಗೆ ಮುಗಿಸಿ, ವಾರಕ್ಕೆ 2 ಅಥವಾ 3 ದಿನ ಮಾತ್ರ ಜಿಮ್‌ಗೆ ಹೋಗುವ ವರ್ತಕರಿಗೆ ಟ್ರೆಡ್‌ಮಿಲ್‌ಗಳ ಸಾಲು ಇರುವ ದುಬಾರಿ ಕೇಂದ್ರದ ಅಗತ್ಯವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏರುವುದು ಹವ್ಯಾಸಿಗಳಿಗೆ ಸರಿ. ಕಡಿದಾದ ಆ ಏರು ಮೊಣಕಾಲು ನೋವು ಅಥವಾ ಹೃದಯದ ತೊಂದರೆ ಇರುವವರ ನಿತ್ಯದ ವ್ಯಾಯಾಮವಾಗಲಾರದು. ನಲವತ್ತು ದಾಟಿದವರು, ರಕ್ತದೊತ್ತಡ ಹಾಗೂ ಮಧುಮೇಹ ಉಳ್ಳವರು ಶುಲ್ಕ ಕಟ್ಟುವ ಮೊದಲೇ ವೈದ್ಯರ ಸಲಹೆ ಪಡೆಯುವುದು ಒಳಿತು. ಪಾವಗಡ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚೆಂಬುದು ತಿಳಿದ ವಿಷಯ. ಅಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಕೀಲುಗಳು ಬಿಗಿಯುವ ಸಾಧ್ಯತೆ ಇರುವುದರಿಂದ, ಬೆನ್ನು ಮತ್ತು ಕೀಲುಗಳಲ್ಲಿ ನೋವಿರುವವರು ಪರೀಕ್ಷೆ ಮಾಡಿಸದೆ ಭಾರ ಎತ್ತಲು ತೊಡಗಬಾರದು.

ಸದಸ್ಯತ್ವದ ಬಗೆಗಳು

ಸಾಮಾನ್ಯವಾಗಿ ದಿನದ ಶುಲ್ಕ, ಮಾಸಿಕ, ತ್ರೈಮಾಸಿಕ, ಅರ್ಧವಾರ್ಷಿಕ ಮತ್ತು ವಾರ್ಷಿಕ ಎಂಬ ಬಗೆಗಳಿರುತ್ತವೆ. ಇವಲ್ಲದೆ ದಂಪತಿಗಳಿಗೆ ಅಥವಾ ಕುಟುಂಬಕ್ಕೆ ಒಟ್ಟಾಗಿ ನೀಡುವ ಸದಸ್ಯತ್ವ, ಗಿರಾಕಿ ಕಡಿಮೆ ಇರುವ ವೇಳೆಗೆ ಮಾತ್ರ ಅನ್ವಯಿಸುವ ರಿಯಾಯಿತಿ ಸದಸ್ಯತ್ವ, ಒಬ್ಬರಿಗೇ ಪ್ರತ್ಯೇಕ ತರಬೇತುದಾರರನ್ನು ಒದಗಿಸುವ ಯೋಜನೆ, ಹಲವು ಊರುಗಳ ಶಾಖೆಗಳಲ್ಲಿ ಬಳಸಬಹುದಾದ ಸದಸ್ಯತ್ವ ಮುಂತಾದವೂ ಉಂಟು.

ಮಧ್ಯಾಹ್ನದ ವೇಳೆ ವ್ಯಾಪಾರ ಮಂದವಾಗಿರುವ ಅಂಗಡಿಯವರಿಗೆ ರಿಯಾಯಿತಿ ವೇಳೆಯ ಸದಸ್ಯತ್ವ ಅನುಕೂಲಕರ. ಹೊಸಬರಿಗೆ ಪ್ರತ್ಯೇಕ ತರಬೇತುದಾರರು ಮೊದಲ ಒಂದೆರಡು ತಿಂಗಳು ಉಪಯುಕ್ತ. ಕ್ರಮ ತಿಳಿದ ಮೇಲೆ ಆ ವೆಚ್ಚವನ್ನು ಮುಂದುವರಿಸಬೇಕೇ ಎಂಬುದನ್ನು ಮತ್ತೆ ಯೋಚಿಸಬಹುದು. ಖರೀದಿಗಾಗಿ ಬೆಂಗಳೂರಿಗೆ ಪದೇ ಪದೇ ಹೋಗಿ ತಂಗುವವರಿಗೆ ಬಹುಶಾಖೆಯ ಸದಸ್ಯತ್ವ ಆಕರ್ಷಕವಾಗಿ ಕಂಡರೂ, ತಮ್ಮ ಊರಿನಲ್ಲಿ ಶಾಖೆ ಇಲ್ಲದಿದ್ದರೆ ತಿಂಗಳಲ್ಲಿ ನಾಲ್ಕಾರು ದಿನಗಳ ಬಳಕೆಗೆ ಪೂರ್ಣ ಶುಲ್ಕ ತೆತ್ತಂತಾಗುತ್ತದೆ.

ಹಾಜರಿಯೇ ನಿಜವಾದ ದರ

ಜಿಮ್‌ನ ದರವನ್ನು ತಿಂಗಳಿಗೆ ಇಷ್ಟು ಎಂದು ಹೇಳುವುದು ವಾಡಿಕೆ. ಆದರೆ ಗ್ರಾಹಕರಿಗೆ ಬೀಳುವ ನಿಜವಾದ ದರವೆಂದರೆ ಒಂದು ಭೇಟಿಗೆ ತಗುಲಿದ ವೆಚ್ಚ. ಈ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅವರು ಅಮೆರಿಕದ 3 ವ್ಯಾಯಾಮ ಕೇಂದ್ರಗಳ 7,752 ಸದಸ್ಯರ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಶುಲ್ಕ ತೆರುತ್ತಿದ್ದವರು ಸರಾಸರಿ 4.3 ಬಾರಿ ಮಾತ್ರ ಹಾಜರಾಗುತ್ತಿದ್ದರು. ಹಾಗಾಗಿ ಒಂದು ಭೇಟಿಗೆ ಅವರಿಗೆ 17 ಡಾಲರಿಗೂ ಹೆಚ್ಚು ಬೀಳುತ್ತಿತ್ತು. ಅದೇ ಕೇಂದ್ರಗಳಲ್ಲಿ 10 ಭೇಟಿಗಳ ಚೀಟಿಯನ್ನು ಕೊಂಡಿದ್ದರೆ ಭೇಟಿಗೆ 10 ಡಾಲರ್ ಮಾತ್ರ ಆಗುತ್ತಿತ್ತು. ಅವರು ಮೋಸಹೋದವರಲ್ಲ, ಮುಂದೆ ತಾವು ನಿತ್ಯವೂ ಹೋಗುವೆವೆಂಬ ತಮ್ಮದೇ ಭರವಸೆಗೆ ಹಣ ತೆತ್ತವರು. ತಾನಾಗಿಯೇ ನವೀಕರಣವಾಗುವ ಮಾಸಿಕ ಸದಸ್ಯತ್ವವನ್ನು ಕೊನೆಗೆ ರದ್ದುಪಡಿಸಿದವರು ಸಹ ಕಡೆಯ ಭೇಟಿಯ ನಂತರ ಸರಾಸರಿ 2.3 ತಿಂಗಳು ಸುಮ್ಮನೆ ಶುಲ್ಕ ಕಟ್ಟಿದ್ದರು. ಯು.ಪಿ.ಐ. ಮೂಲಕ ತಿಂಗಳು ತಿಂಗಳು ಹಣ ತಾನಾಗಿಯೇ ಕಡಿತವಾಗುವ ಏರ್ಪಾಡಿಗೆ ಒಪ್ಪಿಗೆ ನೀಡುವವರು ಇದನ್ನು ನೆನಪಿನಲ್ಲಿಡಬೇಕು.

ಲೆಕ್ಕವು ಸುಲಭವಾಗಿದೆ. ಉದಾಹರಣೆಗಾಗಿ ಒಂದು ಜಿಮ್‌ನಲ್ಲಿ ದಿನಕ್ಕೆ 60 ರೂ., ತಿಂಗಳಿಗೆ 800 ರೂ., ಮೂರು ತಿಂಗಳಿಗೆ 2,100 ರೂ. ಹಾಗೂ ವರ್ಷಕ್ಕೆ 6,000 ರೂ. ಶುಲ್ಕವಿದೆಯೆಂದು ಭಾವಿಸೋಣ. ತಿಂಗಳಲ್ಲಿ 13 ದಿನ ಅಥವಾ ಅದಕ್ಕಿಂತ ಕಡಿಮೆ ಹೋಗುವವರಿಗೆ ದಿನದ ಶುಲ್ಕವೇ ಅಗ್ಗ. 14ನೇ ದಿನದಿಂದ ಮಾಸಿಕ ಸದಸ್ಯತ್ವ ಲಾಭ. ತ್ರೈಮಾಸಿಕ ಸದಸ್ಯತ್ವವು ಮೂರನೆಯ ತಿಂಗಳೂ ಹೋದವರಿಗೆ ಮಾತ್ರ ಉಳಿತಾಯ ತರುತ್ತದೆ. ವಾರ್ಷಿಕ ಸದಸ್ಯತ್ವವು ಮಾಸಿಕಕ್ಕಿಂತ ಅಗ್ಗವಾಗಬೇಕಾದರೆ ವರ್ಷದಲ್ಲಿ ಕನಿಷ್ಠ 8 ತಿಂಗಳು ಹೋಗಬೇಕು. ತಿಂಗಳಿಗೆ 12 ದಿನದಂತೆ 4 ತಿಂಗಳು ಹೋಗಿ ಬಿಟ್ಟುಬಿಟ್ಟವರಿಗೆ ಒಟ್ಟು 48 ಭೇಟಿಗಳಾಗುತ್ತವೆ. ಅವರು ವಾರ್ಷಿಕ ಶುಲ್ಕ ಕಟ್ಟಿದ್ದರೆ ಭೇಟಿಗೆ 125 ರೂ., ಮಾಸಿಕವಾಗಿ ಕಟ್ಟಿದ್ದರೆ ಸುಮಾರು 67 ರೂ. ಬೀಳುತ್ತದೆ. ತಿಂಗಳಿಗೆ 500 ರೂ. ಮಾತ್ರ ಎಂದು ಕಂಡ ವಾರ್ಷಿಕ ದರವು ವಾಸ್ತವವಾಗಿ ಹೆಚ್ಚುಕಡಿಮೆ ಎರಡರಷ್ಟು ದುಬಾರಿಯಾಯಿತು. ಪ್ರವೇಶ ಶುಲ್ಕವನ್ನು ಪ್ರತಿಬಾರಿ ಮರುಸೇರ್ಪಡೆಗೂ ಕೇಳುವ ಕಡೆಗಳಲ್ಲಿ ಅದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ವ್ಯಾಪಾರದ ಹಂಗಾಮಿಗೆ ತಕ್ಕ ಆಯ್ಕೆ

ಸಂಬಳದ ನೌಕರಿಯವರಿಗೆ ವರ್ಷದ ಹನ್ನೆರಡು ತಿಂಗಳೂ ಸರಿಸುಮಾರು ಒಂದೇ ರೀತಿ. ವರ್ತಕರಿಗೆ ಹಾಗಲ್ಲ. ಮಳೆಯಾಶ್ರಿತ ಶೇಂಗಾ ಹೆಚ್ಚಾಗಿರುವ ಪಾವಗಡ, ಶಿರಾ ಮತ್ತು ಮಧುಗಿರಿ ಭಾಗಗಳಲ್ಲಿ ಮುಂಗಾರಿನ ಬೆಳೆಯು ಅಕ್ಟೋಬರ್ ಹಾಗೂ ನವೆಂಬರ್ ತಿಂಗಳುಗಳಲ್ಲಿ ಮಾರುಕಟ್ಟೆಗೆ ಬರತೊಡಗುತ್ತದೆ. ಆಗ ಮಂಡಿಯವರಿಗೂ ಎಣ್ಣೆ ಗಿರಣಿಯವರಿಗೂ ಊಟಕ್ಕೇ ಬಿಡುವಿರುವುದಿಲ್ಲ. ಹುಣಸೆಹಣ್ಣಿನ ವಹಿವಾಟುದಾರರಿಗೆ ಬೇಸಿಗೆಯ ಆರಂಭವೇ ಹಂಗಾಮು. ಜವಳಿ ವ್ಯಾಪಾರಿಗಳಿಗೆ ಯುಗಾದಿ, ದೀಪಾವಳಿ ಹಾಗೂ ಮದುವೆಯ ಮುಹೂರ್ತಗಳ ಕಾಲ. ಪಾವಗಡದ ಶನೈಶ್ಚರ ದೇವಾಲಯಕ್ಕೆ ಶನಿವಾರಗಳಂದು, ಅದರಲ್ಲೂ ಶ್ರಾವಣ ಮಾಸದಲ್ಲಿ ಭಕ್ತಾದಿಗಳು ಹೆಚ್ಚಾಗಿ ಬರುವುದರಿಂದ ಸುತ್ತಲಿನ ಹೋಟೆಲು ಮತ್ತು ಪೂಜಾ ಸಾಮಗ್ರಿಯ ಅಂಗಡಿಯವರಿಗೆ ಆ ದಿನಗಳಲ್ಲಿ ಪುರುಸೊತ್ತು ಸಿಗದು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ಕ್ಷೇತ್ರದ ಸುತ್ತಲಿನ ವ್ಯಾಪಾರಿಗಳಿಗೆ ಶುಕ್ರವಾರವೂ ಅಂತೆಯೇ. ಇದಲ್ಲದೆ ಮಾಸಿಕವಾಗಿ ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖಿನ ಆಸುಪಾಸಿನ ದಿನಗಳು ಲೆಕ್ಕಪತ್ರಕ್ಕೇ ಮೀಸಲು.

ಹೀಗಿರುವಾಗ ಮೊದಲು ತಮ್ಮ ವ್ಯಾಪಾರದ ಹಂಗಾಮನ್ನು ತಿಂಗಳವಾರು ಬರೆದು, ನಿಶ್ಚಿತವಾಗಿ ಹೋಗಬಹುದಾದ ತಿಂಗಳುಗಳನ್ನು ಎಣಿಸಬೇಕು. ಶೇಂಗಾ ವ್ಯಾಪಾರಿಯೊಬ್ಬರಿಗೆ ಹಂಗಾಮಿನ ನಂತರ ಎರಡು ಬಾರಿ ತ್ರೈಮಾಸಿಕ ಸದಸ್ಯತ್ವ ಪಡೆದು, ಹಂಗಾಮಿನಲ್ಲಿ ಮನೆಯಲ್ಲೇ ಸರಳ ವ್ಯಾಯಾಮ ಮಾಡುವುದು ವಾರ್ಷಿಕ ಸದಸ್ಯತ್ವಕ್ಕಿಂತ ಹೊಂದಿಕೆಯಾಗಬಹುದು. ವರ್ಷಪೂರ್ತಿ ಒಂದೇ ಗತಿಯಲ್ಲಿ ನಡೆಯುವ ಔಷಧಿ ಅಥವಾ ದಿನಸಿ ಅಂಗಡಿಯವರಿಗೆ, ಹಾಜರಿ ರೂಢಿಯಾದ ಮೇಲೆ, ವಾರ್ಷಿಕವೇ ಅಗ್ಗ. ಹಂಗಾಮಿನಲ್ಲಿ ಒಂದೆರಡು ತಿಂಗಳು ಸದಸ್ಯತ್ವವನ್ನು ತಡೆಹಿಡಿದು ಮುಂದಕ್ಕೆ ವಿಸ್ತರಿಸುವ ಸೌಲಭ್ಯವನ್ನು ಜಿಮ್‌ನವರು ಬರವಣಿಗೆಯಲ್ಲಿ ಕೊಡುವುದಾದರೆ ವಾರ್ಷಿಕ ಸದಸ್ಯತ್ವವನ್ನು ಎಲ್ಲರೂ ಪರಿಶೀಲಿಸಬಹುದು.

ಜಿಮ್‌ನ ದೂರವೂ ಹಾಜರಿಯನ್ನು ನಿರ್ಧರಿಸುತ್ತದೆ. ಮನೆಯಿಂದ ಅಂಗಡಿಗೆ ಹೋಗುವ ದಾರಿಯಲ್ಲಿರುವ ಸಾಧಾರಣ ಜಿಮ್, ಊರಾಚೆಯ ಸುಸಜ್ಜಿತ ಜಿಮ್‌ಗಿಂತ ಹೆಚ್ಚು ಬಳಕೆಯಾಗುತ್ತದೆ. ತಾವು ಹೋಗಲಿರುವ ವೇಳೆಯಲ್ಲೇ ಒಮ್ಮೆ ಭೇಟಿ ಕೊಟ್ಟು ಜನಸಂದಣಿ, ಗಾಳಿ ಬೆಳಕು, ಶುದ್ಧ ಕುಡಿಯುವ ನೀರು, ವಿದ್ಯುತ್ ಹೋದಾಗಿನ ವ್ಯವಸ್ಥೆ, ಮಹಿಳೆಯರಿಗೆ ಪ್ರತ್ಯೇಕ ಸಮಯ ಇವುಗಳನ್ನು ಕಣ್ಣಾರೆ ಕಂಡುಕೊಳ್ಳಬೇಕು.

ತೆರಿಗೆ, ರಸೀತಿ ಮತ್ತು ಷರತ್ತು

ಜಿಮ್ ಸೇವೆಯ ಮೇಲೆ ಶೇ. 18ರಷ್ಟಿದ್ದ ಜಿ.ಎಸ್.ಟಿ. ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಹಳೆಯ ದರದಲ್ಲಿ ಲೆಕ್ಕ ಹಾಕಿದ ಶುಲ್ಕಪಟ್ಟಿಯನ್ನು ತೋರಿಸಿದರೆ ವರ್ತಕರು ಪ್ರಶ್ನಿಸಬಹುದು. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದೆ ನೋಂದಣಿ ಪಡೆಯದಿರುವ ಚಿಕ್ಕ ಜಿಮ್‌ಗಳಾಗಲಿ, ಕಾಂಪೊಸಿಷನ್ ಪದ್ಧತಿಯಲ್ಲಿರುವವಾಗಲಿ ಗ್ರಾಹಕರಿಂದ ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲ. ಉದ್ದಿಮೆಯ ಹೆಸರಿನಲ್ಲಿ ಬಿಲ್ ಪಡೆದು ಹೂಡುವಳಿ ತೆರಿಗೆ ಜಮೆ ಪಡೆಯಬಹುದೆಂಬ ಭಾವನೆ ಕೆಲವರಲ್ಲಿ ಇದೆ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ವಿಧಿಯು ಕ್ಲಬ್ ಹಾಗೂ ಆರೋಗ್ಯ ಮತ್ತು ವ್ಯಾಯಾಮ ಕೇಂದ್ರಗಳ ಸದಸ್ಯತ್ವಕ್ಕೆ ಈ ಜಮೆಯನ್ನು ತಡೆದಿದೆ. ನೌಕರರಿಗೆ ಅದನ್ನು ಒದಗಿಸುವುದು ಯಾವುದಾದರೂ ಕಾನೂನಿನನ್ವಯ ಕಡ್ಡಾಯವಾಗಿರುವಲ್ಲಿ ಮಾತ್ರ ವಿನಾಯಿತಿ ಉಂಟು. ಆದುದರಿಂದ ತೆರಿಗೆಯನ್ನೂ ಸೇರಿಸಿದ ಮೊತ್ತವೇ ಪೂರ್ಣ ವೆಚ್ಚವೆಂದು ತಿಳಿಯಬೇಕು.

ಕೊರೋನಾ ಕಾಲದ ಪಾಠವನ್ನೂ ಮರೆಯಬಾರದು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಜಿಮ್‌ಗಳಿಗೆ ಮತ್ತೆ ತೆರೆಯಲು ಅನುಮತಿ ದೊರೆತದ್ದು ಆ ವರ್ಷದ ಆಗಸ್ಟ್ 5ರಿಂದ. ಜಿಮ್ ಮುಚ್ಚಿದರೆ, ಬೇರೆ ಊರಿಗೆ ಸ್ಥಳಾಂತರವಾದರೆ, ಮಾಲೀಕರು ಬದಲಾದರೆ, ಸದಸ್ಯರೇ ಅನಾರೋಗ್ಯಕ್ಕೆ ತುತ್ತಾದರೆ ಉಳಿದ ಅವಧಿಯ ಶುಲ್ಕದ ಗತಿಯೇನು ಎಂಬುದು ಷರತ್ತಿನಲ್ಲಿ ಸ್ಪಷ್ಟವಾಗಿರಬೇಕು. ಮುಂಗಡ ಪಡೆದ ಜಿಮ್ ಬಾಗಿಲು ಹಾಕಿದರೆ ಸದಸ್ಯರು ಸಾಲಗಾರರ ಸಾಲಿನಲ್ಲಲ್ಲ, ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲುತ್ತಾರೆ. ಅವಧಿ, ಮೊತ್ತ, ಸೌಲಭ್ಯಗಳನ್ನು ನಮೂದಿಸಿದ ರಸೀತಿ ಇದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿಯೂ ದೂರು ದಾಖಲಿಸಬಹುದು.

ನೌಕರರಿಗಾಗಿ ಕೊಳ್ಳುವಾಗ

ಕೆಲವು ಸಣ್ಣ ಉದ್ದಿಮೆದಾರರು ತಮ್ಮ ನೌಕರರಿಗೂ ಒಟ್ಟಾಗಿ ಸದಸ್ಯತ್ವ ಕೊಡಿಸಲು ಯೋಚಿಸುವುದುಂಟು. ಉದ್ದೇಶ ಒಳ್ಳೆಯದು. ಆದರೆ ದಿನವಿಡೀ ಮೂಟೆ ಹೊರುವ ಹಮಾಲರಿಗೂ ಲೆಕ್ಕಪತ್ರ ಬರೆಯುವ ಗುಮಾಸ್ತರಿಗೂ ಅಗತ್ಯ ಒಂದೇ ಅಲ್ಲ. ಹತ್ತು ಮಂದಿಯ ಹೆಸರಿನಲ್ಲಿ ವರ್ಷದ ಹಣ ಕಟ್ಟುವ ಬದಲು, ಹಾಜರಾದ ದಿನಗಳಿಗೆ ಮಾತ್ರ ತಿಂಗಳ ಕೊನೆಗೆ ಪಾವತಿಸುವ ಒಪ್ಪಂದವನ್ನು ಜಿಮ್‌ನವರೊಡನೆ ಮಾಡಿಕೊಳ್ಳುವುದು ಜಾಣತನ. ಹತ್ತು ಸದಸ್ಯರನ್ನು ತರುವ ಉದ್ದಿಮೆದಾರರ ಮಾತಿಗೆ ಜಿಮ್ ಮಾಲೀಕರೂ ಬೆಲೆ ಕೊಡುತ್ತಾರೆ, ಅವರೂ ವ್ಯಾಪಾರಸ್ಥರೇ.

ಒಟ್ಟಿನಲ್ಲಿ ಹೊಸದಾಗಿ ಸೇರುವವರು ಮೊದಲ ಎರಡು ತಿಂಗಳು ಮಾಸಿಕ ಶುಲ್ಕವನ್ನೇ ಕಟ್ಟಿ, ಹೋದ ದಿನಗಳನ್ನು ಕಿರ್ದಿ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಳ್ಳುವುದು ಉತ್ತಮ ಮಾರ್ಗ. ಎರಡು ತಿಂಗಳ ಆ ಗುರುತುಗಳು ಯಾವ ಸದಸ್ಯತ್ವ ಸೂಕ್ತವೆಂಬುದನ್ನು ತಾವೇ ಹೇಳುತ್ತವೆ. ಹಾಜರಿ ಕಡಿಮೆಯೆಂದು ಕಂಡುಬಂದಲ್ಲಿ ವ್ಯಾಯಾಮವನ್ನೇ ಕೈಬಿಡದೆ ದಿನದ ಶುಲ್ಕಕ್ಕೂ ಬೆಳಗಿನ ನಡಿಗೆಗೂ ಬದಲಾಯಿಸಿಕೊಳ್ಳಬೇಕು. ಓಡದ ಸರಕನ್ನು ವರ್ಷಕ್ಕಾಗುವಷ್ಟು ದಾಸ್ತಾನು ಮಾಡುವ ವರ್ತಕರು ಯಾರೂ ಇಲ್ಲ. ಜಿಮ್ ಸದಸ್ಯತ್ವಕ್ಕೂ ಇದೇ ನಿಯಮವನ್ನು ಅನ್ವಯಿಸಿದರೆ ಹಣವೂ ಉಳಿಯುತ್ತದೆ, ಆರೋಗ್ಯವೂ ಕೈಗೆ ಹತ್ತುತ್ತದೆ.